ಚೈತ್ರಳ ಧರ್ಮದ ಟ್ಯೂಷನ್ನು

ಆ ಶ್ರಾವಣದಲ್ಲಿ ನಾನೂ ಒಮ್ಮೆ ಗುರುವಾಗಿದ್ದೆ. ಜಾಸ್ತಿ ಹೊತ್ತೇನಲ್ಲ, ಒಂದು ಫೋನ್ ಕಾಲ್ ಮುಗಿಯುವಷ್ಟು. ಅಷ್ಟರಲ್ಲೇ ಸ್ವಂತ ತಂಗಿಯನ್ನು ಆಸ್ಪತ್ರೆ ಮಂಚದ ಮೇಲೆ ಮಲಗಿಸಿದ್ದೆ. ಇಷ್ಟು ಬೇಗ ಶಿಷ್ಯರನ್ನು ಉರುಳಿಸಿದ ಗುರು ಬೇರೆ ಯಾರಾದರೂ ಇದ್ದರೆ ತೋರಿಸಿ, ಹೋಗಿ ಕಾಲಿಗೆ ಬೀಳುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಯಾಕೆಂದರೆ ಮುಂದೆ ನಾನು ಅಪ್ಪ, ಅಮ್ಮ, ಅಜ್ಜಿ ಎಲ್ಲರನ್ನೂ ಆಡಿಕೊಳ್ಳುವವನಿದ್ದೇನೆ. ಆಗ ನೀವು "ಇವನೇನು ಮಹಾ ಸಾಚಾನಾ" ಅಂತ ಕೇಳಬಾರದು. ಅಲ್ಲ. ಆಯಿತಲ್ಲ?

ಹೋದ ವಾರ ಸದಾಶಿವನಗರದಲ್ಲಿ ಜಿಮ್ ಸೇರಲು ಹೊರಟಿದ್ದೆ. ನನ್ನ ಹೊಟ್ಟೆ ನನಗಿಂತ ಒಂದು ಹೆಜ್ಜೆ ಮುಂಚೆ ಮನೆಯೊಳಗೆ ಹೋಗಲು ಶುರು ಮಾಡಿದೆ, ಅದಕ್ಕೇ. ಕೆಳಗೆ ಗ್ಯಾಸ್ ಸ್ಟೌವ್ ಮಾರುವ ಅಂಗಡಿ, ಮೇಲೆ ಜಿಮ್ಮು. ಕಟ್ಟಡ ಯಾವುದೆಂದು ಗೊತ್ತಿದ್ದೂ ಹೋದೆ, ಇಷ್ಟು ವರ್ಷವಾಯಿತಲ್ಲ ಏನಾಗುತ್ತೆ ಅಂತ. ಹೊರಗೆ ಜಿಟಿಜಿಟಿ ಮಳೆ. ಮೇಲಿಂದ ಹಾಡಿನ ಅಬ್ಬರ, ಕಬ್ಬಿಣ ಕೆಳಗೆ ಬೀಳುವ ಸದ್ದು. ಮೆಟ್ಟಿಲು ಅರ್ಧ ಹತ್ತಿ ತಿರುವಿಗೆ ಬಂದಾಗ ಗೋಡೆ ಉಸಿರು ಬಿಟ್ಟಿತು. ವಿಭೂತಿ, ಕರ್ಪೂರ, ಒದ್ದೆ ಚಪ್ಪಲಿಗಳ ರಾಶಿ, ಮೂರೂ ಸೇರಿದ ವಾಸನೆ. ಅದರ ಮೇಲೆ ಹೊಸ ಪೇಂಟ್ ಹೊಡೆದಿದ್ದಾರೆ. ಆದರೆ ಮಳೆ ಬಂದರೆ ಗೋಡೆಗೆ ಹಳೆಯದೆಲ್ಲ ನೆನಪಾಗುತ್ತದೆ ಅಂತ ಕಾಣುತ್ತೆ. ನಾನು ಅಲ್ಲಿಂದಲೇ ವಾಪಸ್ ಇಳಿದು, ಟ್ರೈನರ್‌ಗೆ ಫೋನ್ ಮಾಡಿ ಮಂಡಿ ನೋವು ಅಂದೆ.

ಆ ಶ್ರಾವಣದ ಹೊತ್ತಿಗೆ ತಂಗಿ ಚೈತ್ರ ಎಸ್ಸೆಸ್ಸೆಲ್ಸಿ ಮುಗಿಸಿ ಫಸ್ಟ್ ಪಿಯುಸಿ ಸೇರಿದ್ದಳು. ನಾನು ಡಿಗ್ರಿ ಎರಡನೇ ವರ್ಷ. ಮನೆ ಉಪ್ಪಾರಹಳ್ಳಿಯಲ್ಲಿ. ಅಪ್ಪ ಕರೆಂಟ್ ಆಫೀಸಿನಲ್ಲಿ, ಅಮ್ಮ ಒಂದು ನರ್ಸಿಂಗ್ ಹೋಮಿನ ರಿಸೆಪ್ಷನ್‌ನಲ್ಲಿ. ನಾವು ಲಿಂಗ ಕಟ್ಟುವ ಮನೆಯವರು. ಕಟ್ಟಬೇಕಾದವರು ಅನ್ನುವುದು ಹೆಚ್ಚು ಸರಿ. ಚಿಕ್ಕಂದಿನಲ್ಲೇ ದೀಕ್ಷೆಯಾಗಿ ಕೊರಳಿಗೆ ಬಂದ ಇಷ್ಟಲಿಂಗ ಎದೆಯ ಮೇಲಿಂದ ಇಳಿಯಬಾರದು, ಬೆಳಿಗ್ಗೆ ಎದ್ದು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ಏನೂ ಹೋಗಬಾರದು, ಅದು ಕ್ರಮ. ಅಪ್ಪನ ಲಿಂಗ ಬೀರುವಿನಲ್ಲಿ ಮದುವೆಯ ರೇಷ್ಮೆ ಪಂಚೆಯ ಕೆಳಗಿತ್ತು. ಅಮ್ಮನದೂ ಪಕ್ಕದಲ್ಲೇ. ಗಂಡ ಹೆಂಡತಿ ಜೊತೆಗಿದ್ದಾರಲ್ಲ, ಅಷ್ಟು ಸಾಕು ಅನ್ನುವ ಹಾಗೆ. ನಾನು ಆರನೇ ಕ್ಲಾಸಿನಲ್ಲಿ ಕ್ರಿಕೆಟ್ ಆಡುವಾಗ ಅಡ್ಡ ಬರುತ್ತೆ ಅಂತ ತೆಗೆದಿಟ್ಟವನು. ಆ ಮ್ಯಾಚ್ ಇನ್ನೂ ಮುಗಿದಿಲ್ಲ.

ಆ ಬೇಸಿಗೆಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ಅಲ್ಲಿ ಹಿರಿಯರೊಬ್ಬರು ಚೈತ್ರಳನ್ನು, "ಏನವ್ವ, ಬೆಳಿಗ್ಗೆ ಪೂಜೆ ಮಾಡ್ಕೋತೀಯ?" ಅಂತ ಕೇಳಿದರು. ಇವಳು, "ಯಾವ ಪೂಜೆ?" ಅಂದುಬಿಟ್ಟಳು. ಮನೆಗೆ ಬಂದ ಮೇಲೆ ಅಮ್ಮನ ಮುಖ ನೋಡುವ ಹಾಗಿರಲಿಲ್ಲ.

"ರೀ, ಮಕ್ಕಳಿಗೆ ಏನೂ ಹೇಳಿಕೊಟ್ಟಿಲ್ಲ ನಾವು."

"ಅದಕ್ಕೇನಂತೆ. ಮ್ಯಾಥ್ಸ್‌ಗೆ ಹಾಕಿದೀವಿ, ಕೆಮಿಸ್ಟ್ರಿಗೆ ಹಾಕಿದೀವಿ, ಇದಕ್ಕೂ ಹಾಕೋಣ ಬಿಡು" ಅಂದರು ಅಪ್ಪ. ಹೀಗೆ ನಮ್ಮ ಮನೆಯಲ್ಲಿ ಶಿವ ಮೂರನೇ ಸಬ್ಜೆಕ್ಟ್ ಆದ.

ಆ ವರ್ಷ ಕುಣಿಗಲ್ ಕಡೆಯಿಂದ ಒಬ್ಬರು ಬಂದು ಸದಾಶಿವನಗರದಲ್ಲಿ ಈಗ ಜಿಮ್ ಇರುವ ಹಾಲನ್ನು ಬಾಡಿಗೆಗೆ ಹಿಡಿದಿದ್ದರು. ಯಾವ ಮಠದವರೂ ಅಲ್ಲ. ನಲವತ್ತರ ಆಸುಪಾಸು, ಬಿಳಿ ಖಾದಿ, ಹಣೆ ತುಂಬ ವಿಭೂತಿ. ಎಲ್ಲರೂ ಗುರೂಜಿ ಅಂತಿದ್ದರು, ಹೆಸರು ಯಾರಿಗೂ ಗೊತ್ತಿರಲಿಲ್ಲ. ಹೈಸ್ಕೂಲು, ಕಾಲೇಜು ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಧರ್ಮದ ಪಾಠ. ಫೀಸಿಲ್ಲ. ಅಪ್ಪ ಖುಷಿಯಾಗಿ ಸ್ಕೂಟರಿನಲ್ಲಿ ಅವಳನ್ನು ಬಿಟ್ಟು, ಮೆಟ್ಟಿಲ ಕೆಳಗಿನ ಟೀ ಅಂಗಡಿಯಲ್ಲಿ ಪೇಪರ್ ಹಿಡಿದು ಕೂರುತ್ತಿದ್ದರು. ಅವರ ಹಾಗೆಯೇ ಇನ್ನೂ ಹತ್ತಾರು ಅಪ್ಪಂದಿರು, ಅಮ್ಮಂದಿರು. ಕ್ಲಾಸ್ ಬಿಟ್ಟ ಮೇಲೆ "ಏನ್ ಮಾಡಿದ್ರು ಇವತ್ತು?" ಅಂತ ಕೇಳುವುದು, ಮಕ್ಕಳು "ಪಾಠ" ಅನ್ನುವುದು, ಗಾಡಿ ಸ್ಟಾರ್ಟ್ ಮಾಡುವುದು. ಒಬ್ಬರಾದರೂ ಒಂದು ದಿನ ಮೇಲೆ ಹತ್ತಿ ನೋಡಲಿಲ್ಲ.

ನನ್ನನ್ನೂ ಕಳಿಸಿದರು. ಮೂರು ಭಾನುವಾರ ಹೋದೆ. ನನಗೆ ಪಾಠ ಹತ್ತಲಿಲ್ಲ, ದನಿ ಹತ್ತಿತು. ಗುಬ್ಬಿ ಬಸ್ಸಿನ ಕಂಡಕ್ಟರ್, ನಮ್ಮ ಪ್ರಿನ್ಸಿಪಾಲರು, ನಿದ್ದೆಯಲ್ಲಿ ಮಾತಾಡುವ ಅಪ್ಪ, ಇವರೆಲ್ಲ ನನ್ನ ಗಂಟಲಿನಲ್ಲಿ ಬಾಡಿಗೆ ಇಲ್ಲದೆ ವಾಸ ಮಾಡುತ್ತಿದ್ದರು. ಗುರೂಜಿಯೂ ಬಂದು ಸೇರಿಕೊಂಡರು. ಅವರು ದನಿ ಏರಿಸುತ್ತಲೇ ಇರಲಿಲ್ಲ. "ಮಗೂ" ಅನ್ನುವರು. ಆಮೇಲೆ ಒಂದು ಗ್ಯಾಪು. ಆ ಗ್ಯಾಪಿನಲ್ಲಿ ನೀವು ಹೋಗಿ ಟೀ ಕುಡಿದು ಬರಬಹುದು. ಎದುರಿಗೆ ಕೂತವರು ಮಾತ್ರ ಉಸಿರು ಹಿಡಿದು ಕಾಯುತ್ತಿದ್ದರು. ಆಮೇಲೆ ಮಾತು ಬರುವುದು, ಯಾವಾಗಲೂ ಜೋಡಿಯಾಗಿ. "ಆಸೆಯೂ ಬೇಡ. ಅಳುವೂ ಬೇಡ." ಹಾಗೆ. ಮೂರನೇ ಭಾನುವಾರ ನಾನು ಮೆಟ್ಟಿಲ ಮೇಲೆ ಹುಡುಗರನ್ನು ಸೇರಿಸಿಕೊಂಡು ಅದನ್ನು ಮಾಡಿ ತೋರಿಸುತ್ತಿದ್ದಾಗ ಗುರೂಜಿ ಹಿಂದೆ ಬಂದು ನಿಂತಿದ್ದರು. ಬೈಯಲಿಲ್ಲ. ನನ್ನನ್ನೇ ನೋಡಿದರು, ಸಣ್ಣಗೆ ನಕ್ಕರು, ಮೇಲೆ ಹೋದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಮಾರನೇ ವಾರದಿಂದ ನಾನು ಹೋಗಲಿಲ್ಲ. ಅಪ್ಪನೂ ಬಲವಂತ ಮಾಡಲಿಲ್ಲ. "ಇವನು ಫೇಲ್ ಸ್ಟೂಡೆಂಟು, ಅವಳಾದ್ರೂ ಕಲೀಲಿ."

ಅವಳು ಕಲಿಯುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಶ್ರದ್ಧೆ ಇತ್ತು, ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದಷ್ಟು. ಆಷಾಢದ ಗಾಳಿ ಕಿಟಕಿ ಬಡಿಯುತ್ತಿದ್ದ ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಾ ಕೇಳಿದಳು.

"ಅಪ್ಪ, ದೇವರು ಎದೆ ಮೇಲೇ ಇದ್ರೆ ನಾವು ದೇವಸ್ಥಾನಕ್ಕೆ ಯಾಕೆ ಹೋಗ್ತೀವಿ?"

ಒಳ್ಳೆಯ ಪ್ರಶ್ನೆ. ಅಪ್ಪ ಹೆಲ್ಮೆಟ್ ಹುಡುಕಿದರು. "ಅದನ್ನೆಲ್ಲ ಗುರೂಜಿ ಹತ್ರ ಕೇಳಮ್ಮ, ನಂಗೆ ಟೈಮಾಯ್ತು."

"ಅಮ್ಮ, ನೀನು ಹೇಳು."

"ನೋಡು ಸಾರು ಉಕ್ತಾ ಇದೆ. ಗುರೂಜಿ ಹೇಳ್ತಾರೆ ಬಿಡು."

ನನ್ನನ್ನು ಅವಳು ಕೇಳಲಿಲ್ಲ, ಅಷ್ಟು ಬುದ್ಧಿ ಇತ್ತು. ಆ ಆಷಾಢವೆಲ್ಲ ಹೀಗೇ. ಸತ್ತ ಮೇಲೆ ಏನಾಗುತ್ತೆ, ಮುಟ್ಟಾದಾಗ ಪೂಜೆ ಮಾಡಬಹುದಾ, ಕೋಪ ಬಂದರೆ ಪಾಪವಾ, ಅವಳಿಗೆ ಹುಟ್ಟಿದ ಪ್ರಶ್ನೆಯನ್ನೆಲ್ಲ ನಾವು ಆ ಮೆಟ್ಟಿಲ ಮೇಲಕ್ಕೆ ಕಳಿಸಿದೆವು. ಅವರು ಒಂದನ್ನೂ ಬಿಡದೆ ಉತ್ತರ ಹೇಳುತ್ತಿದ್ದರು. ಪ್ರತಿ ಉತ್ತರದ ಬಾಲದಲ್ಲಿ ಒಂದು ಸಣ್ಣ ಬೇಡ ಇರುತ್ತಿತ್ತು. ಟಿವಿ ಬೇಡ. ಗೆಳತಿಯರ ಬರ್ತ್‌ಡೇ ಬೇಡ. ಅಣ್ಣನ ತಮಾಷೆಗೆ ನಗುವುದು ಬೇಡ. ಈ ಕೊನೆಯದು ಬಂದ ದಿನ ನಾನು ಮನೆಯಲ್ಲಿ ಏನು ಮಾಡಿದರೂ ಅವಳು ಗೋಡೆ ನೋಡಿಕೊಂಡು ಕೂತಿದ್ದಳು. ನಗು ಬಂದಾಗ ತುಟಿ ಕಚ್ಚಿಕೊಳ್ಳುವುದು ಕಾಣುತ್ತಿತ್ತು. ಕೆಲವು ದಿನ ಕಳೆದ ಮೇಲೆ ಅದೂ ಕಾಣಲಿಲ್ಲ.

ಅದೇ ಹೊತ್ತಿಗೆ ಮೆಟ್ಟಿಲ ಕೆಳಗೆ ಒಬ್ಬ ಹೆಂಗಸು ಬಂದು ನಿಲ್ಲಲು ಶುರು ಮಾಡಿದರು. ಬೆಳ್ಳಾವಿಯ ಗೌರಮ್ಮ. ಕೈಯಲ್ಲಿ ಟಿಫಿನ್ ಕ್ಯಾರಿಯರ್. ಅವರ ಮಗ ಮೋಹನ ಚೈತ್ರಳ ವಾರಿಗೆಯವನು, ಅದೇ ಕ್ಲಾಸಿನವನು. ಆಷಾಢದಲ್ಲಿ ಗುರೂಜಿ ಕುಣಿಗಲ್ಲಿನ ತಮ್ಮ ಜಾಗದಲ್ಲಿ ಹತ್ತು ದಿನದ ಶಿಬಿರ ಅಂತ ಕರೆದುಕೊಂಡು ಹೋದವರಲ್ಲಿ ಅವನೂ ಒಬ್ಬ. ಶಿಬಿರ ಮುಗಿದು ಉಳಿದವರು ಬಂದರು, ಅವನು ಬರಲಿಲ್ಲ. "ಅವನಿಗೆ ಬರೋ ಮನಸ್ಸಿಲ್ಲ ತಾಯಿ" ಅಂದರಂತೆ ಗುರೂಜಿ. ಫೋನ್ ಸ್ವಿಚ್ ಆಫ್. ಗೌರಮ್ಮ ಕುಣಿಗಲ್ಲಿಗೆ ಹೋದರೆ ಮಗ ಹೊರಗೇ ಬರಲಿಲ್ಲವಂತೆ. ಅದಕ್ಕೆ ಭಾನುವಾರ ಇಲ್ಲಿ ನಿಂತು, ಗುರೂಜಿ ಕಾರು ಹತ್ತುವಾಗ ಕ್ಯಾರಿಯರ್ ಮುಂದೆ ಹಿಡಿಯುತ್ತಿದ್ದರು. ಗುರೂಜಿ ಕೈ ಮುಗಿದು ಹೋಗುತ್ತಿದ್ದರು. ಕ್ಯಾರಿಯರ್ ಗೌರಮ್ಮನ ಕೈಯಲ್ಲೇ ಉಳಿಯುತ್ತಿತ್ತು.

ಟೀ ಅಂಗಡಿಯ ಅಪ್ಪಂದಿರು ಪೇಪರ್ ಮಡಚಿ, "ಪಾಪ, ಆ ಹುಡುಗನಿಗೇ ವೈರಾಗ್ಯ ಬಂದಿರಬೇಕು" ಅಂದರು. ನಮ್ಮಪ್ಪನೂ ಅಂದರು. ಬೇರೆಯವರ ಮಗನಿಗೆ ವೈರಾಗ್ಯ ಬರುವುದು ಕೇಳಲು ಚೆನ್ನಾಗಿಯೇ ಇರುತ್ತದೆ.

ಶ್ರಾವಣದ ಮೊದಲ ಸೋಮವಾರ ಚೈತ್ರ ಅಡುಗೆಮನೆಗೆ ಬಂದು ಒಂದು ಪುಟ್ಟ ಪಾತ್ರೆ ಬೇರೆ ಎತ್ತಿಟ್ಟುಕೊಂಡಳು. ತಾನೇ ಅನ್ನ ಬೇಯಿಸಿಕೊಂಡು ಮೊಸರು ಕಲಸಿ ತಿಂದಳು.

"ಯಾಕೆ ಪುಟ್ಟಿ, ಹುಳಿ ಚೆನ್ನಾಗಿಲ್ವಾ?" ಅಂದಳು ಅಮ್ಮ.

"ಲಿಂಗ ಕಟ್ಟದೆ ಇರೋರ ಕೈ ಅಡುಗೆ ತಿನ್ನೋ ಹಾಗಿಲ್ಲ."

ಸಿಟ್ಟಿಲ್ಲ, ಜಗಳವಿಲ್ಲ. ಕರೆಂಟು ಹೋಗಿದೆ ಅಂತ ಹೇಳುವ ಹಾಗೆ ಹೇಳಿದಳು. ಅಮ್ಮ ಸೌಟು ಹಿಡಿದು ನಿಂತೇ ಇದ್ದಳು. ನಾನು ವಾತಾವರಣ ತಿಳಿ ಮಾಡೋಣ ಅಂತ, "ಹಾಗಾದ್ರೆ ಅವಳ ಪಾಲಿನ ಹುಳೀನೂ ನನಗೇ ಬಡಿಸಮ್ಮ" ಅಂದೆ. ಅಮ್ಮ ಬಡಿಸಿದಳು. ಬಡಿಸುತ್ತಲೇ ಹೋದಳು, ತಟ್ಟೆ ತುಂಬಿ ನೆಲಕ್ಕೆ ಹರಿದರೂ.

ಈಗ ನನ್ನ ಗುರುಪಟ್ಟ. ಚೈತ್ರ ನನ್ನನ್ನು ತಿದ್ದಲು ಹಿಡಿದಿದ್ದಳು. ಹಲ್ಲುಜ್ಜುವಾಗ, ಶೂ ಹಾಕುವಾಗ, ಎಲ್ಲೆಂದರಲ್ಲಿ ಉಪದೇಶ. ನನಗೆ ಒಂದು ದಿನದ ನೆಮ್ಮದಿ ಬೇಕಿತ್ತು. ಗುರೂಜಿ ಮೊಬೈಲ್ ಇಟ್ಟುಕೊಳ್ಳುತ್ತಿರಲಿಲ್ಲ, ಯಾರದ್ದೋ ಫೋನಿನಿಂದ ಮಕ್ಕಳಿಗೆ ಅಪ್ಪಣೆ ಕೊಡುತ್ತಿದ್ದರು. ನಾನು ಗೆಳೆಯನ ಫೋನ್ ತಗೊಂಡು ಕಾಲೇಜ್ ಕ್ಯಾಂಟೀನಿನ ಹಿಂದೆ ನಿಂತು ಅವಳಿಗೆ ಮಾಡಿದೆ.

"ಮಗೂ..."

ಗ್ಯಾಪು ಕೊಟ್ಟೆ. ಆ ಕಡೆ ಉಸಿರು ನಿಂತದ್ದು ಕೇಳಿಸಿತು.

"ನಾಳೆ ಮಾತೂ ಬೇಡ. ನೀರೂ ಬೇಡ."

ನನಗೆ ಬೇಕಾಗಿದ್ದದ್ದು ಮಾತು ಬೇಡ ಅನ್ನುವುದಷ್ಟೇ. ಆದರೆ ಗುರೂಜಿಯ ಮಾತು ಜೋಡಿಯಾಗಿ ಬರಬೇಕಲ್ಲ. ಒಂಟಿಯಾಗಿ ಬಿಟ್ಟರೆ ಮಿಮಿಕ್ರಿ ಕೆಡುತ್ತೆ. ನೀರೂ ಬೇಡ ಅನ್ನುವುದನ್ನು ನಾನು ಸೇರಿಸಿದ್ದು ಬರೀ ಲಯಕ್ಕೆ. ಕಲಾವಿದ ನೋಡಿ.

ಮಾರನೇ ದಿನ ಮಧ್ಯಾಹ್ನ ಅವಳು ಕೆಮಿಸ್ಟ್ರಿ ಲ್ಯಾಬಿನಲ್ಲಿ ಬಿದ್ದಳು. ಅಮ್ಮ ಕೆಲಸ ಮಾಡುವ ನರ್ಸಿಂಗ್ ಹೋಮಿಗೇ ತಂದರು. ಮೇಜಿನ ಅಂಚು ತಾಗಿ ಹುಬ್ಬಿನ ಮೇಲೆ ಹೊಲಿಗೆ ಬಿದ್ದಿತ್ತು. ಡ್ರಿಪ್ ಹಾಕಿ ಕಣ್ಣು ಬಿಟ್ಟ ಮೇಲೂ ಅವಳು ಮಾತಾಡಲಿಲ್ಲ. ಡಾಕ್ಟರು ಹೆಸರು ಕೇಳಿದರು, ಬೆರಳು ಎಷ್ಟು ಅಂತ ಕೇಳಿದರು. ಅವಳು ತುಟಿ ಬಿಗಿದು ಸೂರು ನೋಡುತ್ತಿದ್ದಳು. ತಲೆಗೆ ಪೆಟ್ಟಾಗಿರಬಹುದು, ಸ್ಕ್ಯಾನ್ ಮಾಡಿಸಿ ಅಂದರು. ಅಪ್ಪ ಸ್ಕ್ಯಾನಿನ ಚೀಟಿ ಹಿಡಿದು ಹೊರಟರು. ಆಗ ನಾನು ಹೇಳಿದೆ. ಎಲ್ಲ ಹೇಳಿದೆ. ಅಪ್ಪ ಕೆನ್ನೆಗೆ ಒಂದು ಬಿಟ್ಟರು, ಅದು ನನಗೆ ಬರಬೇಕಾದದ್ದೇ.

ಮಾರನೇ ಬೆಳಿಗ್ಗೆ, ಅಪ್ಪಣೆಯ ದಿನ ಕಳೆದ ಮೇಲೆ, ಅವಳು ಬಾಯಿ ಬಿಟ್ಟಳು.

"ಸುಳ್ಳು ಹೇಳಬೇಡ ಅಣ್ಣ. ನೀನಲ್ಲ ಅದು. ನಿನಗೆ ಅಷ್ಟು ಚೆನ್ನಾಗಿ ಬರಲ್ಲ."

ಇಂಥ ಹೊತ್ತಿನಲ್ಲೂ ನನಗೆ ಅವಮಾನವಾಯಿತು ಅಂದರೆ ನೀವು ನಂಬಬೇಕು. ಸಾಬೀತು ಮಾಡೋಣ ಅಂತ ಮಂಚದ ಪಕ್ಕ ನಿಂತು, ಗಂಟಲು ಇಳಿಸಿ, "ಮಗೂ..." ಅಂದೆ.

ಚೈತ್ರಳ ಎರಡೂ ಕೈ ಮೇಲೆದ್ದು ಜೋಡಿಸಿಕೊಂಡವು. ಎದುರಿಗೆ ನಿಂತಿರುವವನು ನಾನು ಅಂತ ಅವಳ ಕಣ್ಣಿಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಡ್ರಿಪ್ಪಿನ ಸೂಜಿ ಎಳೆದು ಟ್ಯೂಬಿನಲ್ಲಿ ರಕ್ತ ಹಿಂದಕ್ಕೆ ಬಂತು. ಅಮ್ಮ ಓಡಿ ಬಂದು ಕೈ ಬಿಡಿಸಿದಳು. ಬಿಡಿಸಲು ಒಂದಿಷ್ಟು ಬಲವೇ ಬೇಕಾಯಿತು. ಅವತ್ತಿನಿಂದ ಆ ದನಿ ನನಗೆ ಬಂದಿಲ್ಲ. ಗೆಳೆಯರು ಎಷ್ಟು ಕೇಳಿದರೂ ಬಾಯಿ ತೆರೆದರೆ ನನ್ನದೇ ಕೀರಲು ದನಿ ಬರುತ್ತದೆ.

ಇದು ಮುಗಿಯಿತು ಅಂದುಕೊಂಡೆವು. ಅಪ್ಪ ಫೋನ್ ಮಾಡಿಸಿ ಗುರೂಜಿಗೆ ವಿಷಯ ತಿಳಿಸಿದರು, ಹುಡುಗ ತಮಾಷೆಗೆ ನಿಮ್ಮ ದನಿ ಮಾಡಿದ್ದು ಅಂತ. ಮುಂದಿನ ಭಾನುವಾರ ಗುರೂಜಿ ತುಂಬಿದ ಹಾಲಿನಲ್ಲಿ ಚೈತ್ರಳನ್ನು ಎಬ್ಬಿಸಿ ನಿಲ್ಲಿಸಿ ಹೇಳಿದರಂತೆ: "ಅವನು ತಮಾಷೆ ಅಂದುಕೊಂಡಿದಾನೆ. ಅವನ ಬಾಯಲ್ಲಿ ಮಾತಾಡಿದ್ದು ನಾನೇ. ನೀನು ತೇರ್ಗಡೆಯಾದೆ."

ಅವಳು ಮನೆಗೆ ಬಂದು ನನ್ನನ್ನು ನೋಡಿದ ನೋಟ ಇವತ್ತಿಗೂ ನನಗೆ ಇಷ್ಟವಿಲ್ಲ. ಅದರಲ್ಲಿ ಭಕ್ತಿ ಇತ್ತು. ನಾನು ಬನಿಯನ್ನಿನಲ್ಲಿ ನಿಂತು ಬೆನ್ನು ಕೆರೆದುಕೊಳ್ಳುತ್ತಿದ್ದರೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಣ್ಣ, ಇವತ್ತು ಏನಾದ್ರೂ ಬಂತಾ?"

ಅಪ್ಪ ಆಮೇಲೆ ಅಪ್ಪನಾದರು. ಫೋನ್ ಕಿತ್ತುಕೊಂಡರು. ಟ್ಯೂಷನ್ ಕ್ಯಾನ್ಸಲ್ ಅಂದರು. ಚೈತ್ರ ಜಗಳವಾಡಲಿಲ್ಲ. ತನ್ನ ಪುಟ್ಟ ಪಾತ್ರೆಯನ್ನೂ ತೊಳೆದು ಬೋರಲು ಹಾಕಿ ಕೂತಳು. ನಾಲ್ಕನೇ ಹೊತ್ತಿನ ಊಟವನ್ನೂ ಬಿಟ್ಟಾಗ ಅಪ್ಪನೇ ಸೋತು, ಭಾನುವಾರ ಸ್ಕೂಟರಿನಲ್ಲಿ ಬಿಡ್ತೀನಿ ಅಂದರು. "ಪೊಲೀಸ್‌ಗೆ ಹೋಗೋಣಾಂದ್ರೆ ಏನಂತ ಕಂಪ್ಲೇಂಟ್ ಕೊಡ್ಲಿ? ಮಗಳು ಪೂಜೆ ಮಾಡ್ತಾಳೆ ಅಂತಾನಾ?" ಅಂತ ಅಮ್ಮನ ಮೇಲೆ ರೇಗಿದರು.

ಅಮ್ಮ ನಮ್ಮನ್ನೆಲ್ಲ ಗುಬ್ಬಿಗೆ ಹೊರಡಿಸಿದಳು. ಅಲ್ಲಿ ಅಜ್ಜಿ, ಅಪ್ಪನ ತಾಯಿ, ಚಿಕ್ಕಪ್ಪನ ತುಂಬಿದ ಮನೆಯಲ್ಲಿ ಎಲ್ಲರ ಮೇಲೂ ದರ್ಬಾರು ಮಾಡಿಕೊಂಡು ಇದ್ದಾಳೆ. ಬೆಳಿಗ್ಗೆ ಅಜ್ಜಿ ಅಡುಗೆಮನೆ ಮೂಲೆಯಲ್ಲಿ ಮಣೆ ಹಾಕಿ, ಲಿಂಗ ಅಂಗೈಲಿಟ್ಟು, ಕಣ್ಣು ಮುಚ್ಚಿ ಕೂತಿದ್ದವಳು ಒಮ್ಮೆಗೇ, "ಏಯ್, ಹಾಲು ಉಕ್ತಾ ಅದೆ ನೋಡ್ರೇ!" ಅಂತ ಕೂಗಿದಳು.

ಚೈತ್ರ ಬೆಚ್ಚಿಬಿದ್ದಳು. "ಅಜ್ಜಿ, ಪೂಜೆ ಮಧ್ಯ ಮಾತಾಡಬಾರದು."

"ಮತ್ತೆ ಒಲೆ ಆರ್ಸಕ್ಕೆ ಶಿವ ಬತ್ತಾನೇನವ್ವ?" ಅಂದು ಅಜ್ಜಿ ಮತ್ತೆ ಕಣ್ಣು ಮುಚ್ಚಿದಳು.

ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು ಕೇಳಿದಳು. "ಏನ್ಲಾ, ಆ ನಿಮ್ಮ ಗುರು ಎಷ್ಟು ದುಡ್ಡು ಇಸ್ಕೋತಾನೆ?"

"ಒಂದು ರೂಪಾಯೂ ಇಲ್ಲ ಅಜ್ಜಿ."

ಅಜ್ಜಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಹಂಗಾರೆ ಇನ್ನೇನೋ ಇಸ್ಕೋತಾನೆ ಕಣ್ಲಾ."

ಮಧ್ಯಾಹ್ನ ಅಜ್ಜಿ ಕೈಯಾರೆ ಮುದ್ದೆ ಕಟ್ಟಿ ಬಸ್ಸಾರು ಬಿಟ್ಟಳು. ಅಜ್ಜಿಯ ಎದೆ ಮೇಲೆ ಲಿಂಗವಿತ್ತು. ಚೈತ್ರ ತಿಂದಳು. ಎಷ್ಟೋ ದಿನದ ಹಸಿವು, ಎರಡನೇ ಮುದ್ದೆಗೂ ತಟ್ಟೆ ಒಡ್ಡಿದಳು. ಎದುರಿಗೆ ಕೂತಿದ್ದ ಅಮ್ಮ ಅದನ್ನು ನೋಡಿದಳು, ಕೈ ತೊಳೆದು ಎದ್ದು ಹೋದಳು. ನಾನು ಹಿಂದೆ ಹೋಗಿ ನೋಡಿದರೆ ತೆಂಗಿನಮರಕ್ಕೆ ಒರಗಿ ನಿಂತಿದ್ದಳು. ಸಂಜೆ ಹೊರಡುವಾಗ ಅಜ್ಜಿಯ ಹತ್ತಿರ ಒಂದು ಹೊಸ ಶಿವದಾರ, ಲಿಂಗ ಕಟ್ಟುವ ದಾರ, ಕೇಳಿ ತಂದಳು.

ಮಾರನೇ ಬೆಳಿಗ್ಗೆ ಚೈತ್ರ ಪೂಜೆಗೆ ಕೂತಾಗ ಅಮ್ಮ ಸ್ನಾನ ಮುಗಿಸಿ ಬಂದು ಪಕ್ಕದಲ್ಲಿ ಕೂತಳು. ಬೀರುವಿನಿಂದ ತೆಗೆದ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಳು. ಚೈತ್ರ ತಡೆಯಲಾರದೆ, "ಅದು ಬಲಗೈ ಅಮ್ಮ. ಎಡಗೈಲಿ ಇಟ್ಕೋ" ಅಂದಳು.

"ಯಾಕೆ ಎಡಗೈ?"

"ಬಲಗೈಲಿ ಹೂವ ಇಡಬೇಡ್ವಾ ಮತ್ತೆ?"

"ಓ. ಹೌದಲ್ವಾ."

ಚೈತ್ರಳ ಮೂಗು ಅರಳಿತು. ನಗು ಬರುವ ಮುಂಚೆ ಅವಳಿಗೆ ಹಾಗಾಗುತ್ತದೆ. ಅವತ್ತು ಅಮ್ಮ ಮಾಡಿದ ಉಪ್ಪಿಟ್ಟು ತಿಂದಳು. ಅಮ್ಮ ದಿನಾ ಕೂರತೊಡಗಿದಳು, ದಿನಾ ಏನಾದರೂ ಕೇಳುತ್ತಿದ್ದಳು. ಇವಳು ಟೀಚರಮ್ಮನ ಹಾಗೆ ಹೇಳುತ್ತಿದ್ದಳು. ಗೊತ್ತಿಲ್ಲದ್ದಕ್ಕೆ ಇಬ್ಬರೂ ಸೇರಿ ತಲೆ ಕೆರೆದುಕೊಳ್ಳುತ್ತಿದ್ದರು. ಅಪ್ಪ ಬಾಗಿಲಲ್ಲಿ ಹೆಲ್ಮೆಟ್ ಹಿಡಿದು ನಿಂತು ನೋಡುತ್ತಿದ್ದರು.

ಭಾನುವಾರ ಅಮ್ಮ ಟೀ ಅಂಗಡಿ ದಾಟಿ ಮೆಟ್ಟಿಲು ಹತ್ತಿದಳು. ಹಾಗೆ ಹತ್ತಿದ ಮೊದಲ ತಾಯಿ ಅವಳೇ. ಕೊನೇ ಸಾಲಿನಲ್ಲಿ ಕೂತಳು. ಗುರೂಜಿ ನೋಡಿದರು, ಬೇಡ ಅನ್ನಲಿಲ್ಲ. ಚೈತ್ರಳ ಕಡೆ ತಿರುಗಿದರು.

"ಮಗೂ... ನಿನ್ನ ತಾಯಿ ಲಿಂಗ ಕಟ್ಟಿಕೊಂಡಿರೋದು ಶಿವನಿಗೋಸ್ಕರ ಅಲ್ಲ. ನಿನ್ನನ್ನ ಕಟ್ಟಿಹಾಕೋದಕ್ಕೆ. ಆ ಅನ್ನವೂ ಬೇಡ. ಆ ಮೋಹವೂ ಬೇಡ."

ಸೋಮವಾರ ಚೈತ್ರ ತಟ್ಟೆ ಮತ್ತೆ ಸರಿಸಿದಳು. ಆದರೆ ಪೂಜೆಗೆ ಅಮ್ಮ ಪಕ್ಕದಲ್ಲಿ ಕೂತರೆ ಎದ್ದು ಹೋಗಲಿಲ್ಲ. ಉಳಿದಿದ್ದದ್ದು ಅಷ್ಟೇ, ಒಂದು ಚಾಪೆಯಷ್ಟು ಜಾಗ.

ಆ ಭಾನುವಾರವೇ ಗುರೂಜಿ ಇನ್ನೊಂದು ಮಾತು ಹೇಳಿದ್ದರು. ಶ್ರಾವಣದ ಕೊನೆಯ ಸೋಮವಾರ ಆರಿಸಿದ ಮಕ್ಕಳು ಕುಣಿಗಲ್ಲಿಗೆ ಬರಬೇಕು. ಅಪ್ಪ ಅಮ್ಮ ಸ್ವಂತ ಕೈಯಿಂದ ಒಪ್ಪಿಸಬೇಕು. ಆಮೇಲೆ ಮಕ್ಕಳು ಅಲ್ಲೇ. ಕಾಲೇಜು? "ಯಾವ ವಿದ್ಯೆ ಬೇಕೋ ಅದು ಅಲ್ಲಿದೆ." ಆರಿಸಿದವರಲ್ಲಿ ಚೈತ್ರ ಇದ್ದಳು.

"ನೀವು ಬರದಿದ್ರೆ ನಾನೇ ಹೋಗ್ತೀನಿ" ಅಂದಳು.

"ಒಬ್ಬಳೇ ಯಾಕೆ ಹೋಗ್ತೀಯ, ಎಲ್ಲಾರೂ ಹೋಗೋಣ" ಅಂದಳು ಅಮ್ಮ. ಅಪ್ಪ ಹುಚ್ಚು ಹಿಡಿದವಳನ್ನು ನೋಡುವ ಹಾಗೆ ಅಮ್ಮನನ್ನು ನೋಡಿದರು.

ಆ ಸೋಮವಾರ ಬಸ್ಸು ಹೆಬ್ಬೂರು ದಾಟುವ ಹೊತ್ತಿಗೆ ಆಕಾಶ ನೆಲಕ್ಕೆ ತಾಗುವ ಹಾಗಿತ್ತು. ಮಳೆ ಬರುತ್ತಿರಲಿಲ್ಲ, ಬರುತ್ತೇನೆ ಅನ್ನುತ್ತಿತ್ತು. ಕುಣಿಗಲ್ ಕೆರೆಯ ನೀರು ಸೀಸದ ಬಣ್ಣಕ್ಕೆ ತಿರುಗಿತ್ತು. ಕೆರೆ ಬಿಟ್ಟು ಒಳಗೆ ಹೋದರೆ ಒಂದು ತೋಟ, ಅದರ ನಡುವೆ ಶೀಟು ಹಾಕಿದ ಉದ್ದನೆ ಮನೆ. ಬೋರ್ಡಿಲ್ಲ. ಕಿಟಕಿಗಳೆಲ್ಲ ಎತ್ತರದಲ್ಲಿ, ಬೆಳಕು ಬರಲಿ ಆದರೆ ಯಾರೂ ಹೊರಗೆ ನೋಡದಿರಲಿ ಅನ್ನುವಷ್ಟು. ಅಷ್ಟು ಮಕ್ಕಳಿದ್ದರೂ ಒಂದು ಕೆಮ್ಮು ಕೇಳಿಸಲಿಲ್ಲ. ನಾನು ತಮಾಷೆ ಮಾಡಲು ಬಾಯಿ ತೆರೆದೆ, ಏನೂ ಹೊಳೆಯಲಿಲ್ಲ. ನನ್ನ ಜೀವನದಲ್ಲಿ ಹಾಗಾದದ್ದು ಅದೇ ಮೊದಲು.

ಒಳಗೆ ಅಪ್ಪ ಅಮ್ಮಂದಿರನ್ನು ಸಾಲಾಗಿ ಕೂರಿಸಿ, ಎದುರಿಗೆ ಮಕ್ಕಳನ್ನು ಕೂರಿಸಿದರು. ತಲೆ ಬೋಳಿಸಿದ ಹುಡುಗನೊಬ್ಬ ಪ್ರತಿ ಜೋಡಿಗೂ ಒಂದೊಂದು ತಾಮ್ರದ ಚೊಂಬು ಕೊಡುತ್ತಾ ಬಂದ. ಬಾಗಿಲ ಹತ್ತಿರ ಗೌರಮ್ಮ ನಿಂತಿದ್ದರು, ಅದೇ ಕ್ಯಾರಿಯರ್ ಹಿಡಿದು. "ಮೋನ" ಅಂದರು. ಹುಡುಗ ಅವರ ಮುಂದೆಯೇ ನಡೆದು ಹೋದ, ಕಂಬದ ಮುಂದೆ ನಡೆದ ಹಾಗೆ. ಅವನೇ ಮೋಹನ ಅಂತ ಆಗಲೇ ನನಗೆ ಗುರುತು ಸಿಕ್ಕಿದ್ದು.

ಮದುವೆಯಲ್ಲಿ ಮಗಳನ್ನು ಧಾರೆ ಎರೆಯುತ್ತಾರಲ್ಲ, ಹಾಗೆ. ಮಗುವಿನ ಕೈಯನ್ನು ಗುರೂಜಿಯ ಕೈಯಲ್ಲಿಟ್ಟು ಅಪ್ಪ ಅಮ್ಮ ನೀರು ಬಿಡಬೇಕು. ಮೊದಲನೆಯವರು ಬಿಟ್ಟರು. ಎರಡನೆಯವರೂ. ಟೀ ಅಂಗಡಿಯಲ್ಲಿ ಅಪ್ಪನ ಜೊತೆ ಪೇಪರ್ ಓದುತ್ತಿದ್ದ ಮೇಷ್ಟ್ರೊಬ್ಬರು ಅಳುತ್ತಲೇ ಬಿಟ್ಟರು. ಇಷ್ಟು ಜನರ ಎದುರಿಗೆ ದೈವದ್ರೋಹಿ ಅನ್ನಿಸಿಕೊಳ್ಳಲು ಯಾರಿಗೂ ಧೈರ್ಯವಿರಲಿಲ್ಲ. ನಮ್ಮ ಸರದಿ ಬಂತು. ಚೈತ್ರ ಕೈ ಮುಂದೆ ಚಾಚಿದಳು. ಹುಬ್ಬಿನ ಮೇಲಿನ ಹೊಲಿಗೆ ಇನ್ನೂ ಕೆಂಪಗಿತ್ತು. ಅಪ್ಪ ಚೊಂಬು ಎತ್ತಿದರು, ಬಗ್ಗಿಸದೆ ಮತ್ತೆ ಮಡಿಲಿಗೆ ತಂದರು.

"ಗುರೂಜಿ, ನಾವು... ಮನೇಲೇ ಹೇಳಿಕೊಡ್ತೀವಿ" ಅಂದರು ಅಪ್ಪ.

"ಏನು ಹೇಳಿಕೊಡ್ತೀರಿ?"

ಅಪ್ಪ ತಲೆ ಬಗ್ಗಿಸಿದರು. ಗುರೂಜಿ ಅಮ್ಮನ ಕಡೆ ತಿರುಗಿದರು. ದನಿ ಅದೇ ಮೆತ್ತಗಿನ ದನಿ.

"ತಾಯಿ... ಇಷ್ಟು ವರ್ಷ ಮಡಿಲಲ್ಲಿಟ್ಟುಕೊಂಡು ಒಂದಕ್ಷರ ಕಲಿಸಲಿಲ್ಲ. ಈಗ ನಿಮಗೇನು ಗೊತ್ತು ಅಂತ ವಾಪಸ್ ಕರ್ಕೊಂಡು ಹೋಗ್ತೀರಿ?"

ಶೀಟಿನ ಮೇಲೆ ಮೊದಲ ಹನಿಗಳು ಬಿದ್ದ ಸದ್ದು. ಎಲ್ಲರೂ ಅಮ್ಮನನ್ನೇ ನೋಡುತ್ತಿದ್ದರು.

ಆಮೇಲೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಅಮ್ಮನ ಮಾತಿನ ಮೇಲೆ ನನ್ನದೊಂದು ಸೇರಿಸಿದರೆ ಕೆಡುತ್ತದೆ. ಅಮ್ಮ ಹೇಳಿದ್ದನ್ನು ಕೇಳಿ ಚೈತ್ರ ಚಾಚಿದ್ದ ಕೈಯನ್ನು ನೋಡಿಕೊಂಡಳು. ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ಎದ್ದು ಬ್ಯಾಗ್ ಹೆಗಲಿಗೆ ಹಾಕಿ ಅಮ್ಮನ ಪಕ್ಕ ಬಂದು ನಿಂತಳು. ಗುರೂಜಿ "ಮಗೂ" ಅಂದರು. ಗ್ಯಾಪು ಬಂತು, ಆದರೆ ಅವಳು ಕಾಯಲಿಲ್ಲ. ಮಳೆಯಲ್ಲಿ ನಾವು ಬಸ್ ಸ್ಟ್ಯಾಂಡಿನ ತನಕ ನಡೆದೆವು. ಯಾರೂ ಅಟ್ಟಿಸಿಕೊಂಡು ಬರಲಿಲ್ಲ. ಆದರೂ ಅಪ್ಪ ತಿರುಗಿ ತಿರುಗಿ ನೋಡುತ್ತಿದ್ದರು. ದಸರೆ ಹೊತ್ತಿಗೆ ಸದಾಶಿವನಗರದ ಹಾಲು ಖಾಲಿಯಾಯಿತು. ಗುರೂಜಿ ಎಲ್ಲಿಗೆ ಹೋದರು ಅಂತ ಯಾರಿಗೂ ಗೊತ್ತಿಲ್ಲ. ಅದು ಈಗಲೂ ನನಗೆ ಅಷ್ಟು ಸಮಾಧಾನದ ವಿಷಯವಲ್ಲ. ಮೋಹನ ಚಳಿಗಾಲದಲ್ಲಿ ಬೆಳ್ಳಾವಿಗೆ ಬಂದ. ಇವತ್ತಿಗೂ ಯಾರಾದರೂ ಹೇಳುವ ತನಕ ಊಟಕ್ಕೆ ಕೂರುವುದಿಲ್ಲವಂತೆ. ಚೈತ್ರ ಈಗ ಬಿಎಸ್ಸಿ ಓದುತ್ತಿದ್ದಾಳೆ. ಪೂಜೆ ಬಿಟ್ಟಿಲ್ಲ, ಅಮ್ಮನನ್ನು ತಿದ್ದುವುದನ್ನೂ ಬಿಟ್ಟಿಲ್ಲ. ಹೋದ ವರ್ಷದಿಂದ ಅಪ್ಪನೂ ಮೂರನೇ ಮಣೆ ಹಾಕಿಕೊಂಡಿದ್ದಾರೆ. ಮಂತ್ರ ತಪ್ಪು ಹೇಳಿ ಬೈಸಿಕೊಳ್ಳುತ್ತಾರೆ.

ಅಮ್ಮ ಅವತ್ತು ಚೊಂಬನ್ನು ಅಪ್ಪನ ಕೈಯಿಂದ ತೆಗೆದು ನೆಲಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ರಿಸೆಪ್ಷನ್‌ನಲ್ಲಿ ಮಾತಾಡುವಷ್ಟೇ ಮರ್ಯಾದೆಯಿಂದ ಹೇಳಿದ್ದು ಇಷ್ಟು:

"ನಂಗೆ ಏನೂ ಗೊತ್ತಿಲ್ಲ ಸ್ವಾಮಿ. ಕಲಿಯೋಕೆ ಶುರು ಮಾಡಿರೋದೇ ಈಗ, ಅದೂ ಇವಳ ಹತ್ರ. ಇವಳನ್ನ ಇಲ್ಲಿ ಬಿಟ್ಟು ಹೋದ್ರೆ ನಂಗೆ ಹೇಳಿಕೊಡೋರು ಯಾರು?"